ಹನ್ನೆರಡು ಸಾಲು ಅಲಸಂದೆ

ಬಂದುನೋಡಣ್ಣನಿಗೆ ಆ ಹೆಸರು ಇಟ್ಟವರು ಯಾರೆಂದು ಊರಿನಲ್ಲಿ ಯಾರಿಗೂ ನೆನಪಿಲ್ಲ. ಯಾಕೆ ಬಂತೆಂಬುದು ಮಾತ್ರ ಎಲ್ಲರಿಗೂ ಗೊತ್ತು. ಅವನ ಹಸು ಅವಳಿ ಕರು ಹಾಕಿದಾಗ ಡೇರಿಯ ಮುಂದೆ ನಿಂತವರು ನಂಬಲಿಲ್ಲ. “ನಂಬಿಕೆ ಇಲ್ಲದಿದ್ರೆ ಬಂದು ನೋಡಿ” ಎಂದ. ಬಾವಿಯಲ್ಲಿ ಬಿಳಿ ಆಮೆ ಇದೆ ಎಂದಾಗಲೂ ಹಾಗೇ ಎಂದ. ತನ್ನ ದವಡೆ ಹಲ್ಲಿಗೆ ಮೂರು ಬೇರಿತ್ತು ಎಂದು ತೋರಿಸಲು, ಕಿತ್ತ ಹಲ್ಲನ್ನು ಕಾಗದದಲ್ಲಿ ಸುತ್ತಿ ತಿಂಗಳುಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಅವನಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಆದರೆ ಹೇಳಿದ ನಿಜವನ್ನು ಯಾರಾದರೂ ನಂಬದೆ ಹೋದರೆ, ಅಂಗಿಯೊಳಗೆ ಇರುವೆ ಹೊಕ್ಕವನಂತೆ ಒದ್ದಾಡಿಬಿಡುತ್ತಿದ್ದ.

ಈ ಸಲದ ರಾದ್ಧಾಂತ ಶುರುವಾದದ್ದೂ ಡೇರಿಯ ಮುಂದೆಯೇ, ಸಂಜೆಯ ಸಾಲಿನಲ್ಲಿ. ಹಾಲಿನ ಕ್ಯಾನು ಹಿಡಿದು ನಿಂತವರು ಹೊತ್ತು ಹೋಗಲೆಂದು ಯಾರನ್ನಾದರೂ ಹಿಡಿದು ಆಡಿಸುತ್ತಿದ್ದರು. ಅಂದು ಕೈಗೆ ಸಿಕ್ಕವನು ಇವನು. ಬಾವಿಯ ಪಕ್ಕ ಅವನು ಹಾಕಿದ್ದ ಅಲಸಂದೆಯ ಮಾತು ಬಂತು. ಅಲಸಂದೆಯ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ, ಅವು ಗಾಳಿಯೊಳಗಿನ ಸಾರವನ್ನು ಹಿಡಿದು ಗೊಬ್ಬರ ಮಾಡಿ ಗಿಡಕ್ಕೆ ಕೊಡುತ್ತವೆ, ಅದೇ ನೆಲಕ್ಕೆ ಮುಂದೆ ಜೋಳ ಹಾಕಿದರೆ ಗೊಬ್ಬರದ ಚೀಲ ಕಡಿಮೆ ಸಾಕು, ಕಾಳಿಗಂತೂ ಪೇಟೆಯಲ್ಲಿ ಒಳ್ಳೆಯ ಬೆಲೆ ಎಂದು ಅವನು ಬೆರಳು ಮಡಚಿ ಮಡಚಿ ಹೇಳಿದ. ಸಾಲಿನ ಕೊನೆಯಲ್ಲಿದ್ದ ಗೊಬ್ಬರದಂಗಡಿಯವನು ಎಲ್ಲ ಕೇಳಿಸಿಕೊಂಡು, ನಿಧಾನವಾಗಿ ಮೀಸೆ ಒರೆಸಿಕೊಂಡ.

“ಹಾಗಾದ್ರೆ ನಾಳೆಯಿಂದ ನಾನು ಅಂಗಡಿಗೆ ಬೀಗ ಹಾಕಿ, ನಿನ್ನ ಬದುವಿನ ಮೇಲೆ ಕೂತು ಗಾಳಿ ಹಿಡೀತೀನಿ ಬಿಡು.”

ಇಡೀ ಸಾಲು ನಕ್ಕಿತು. ಕ್ಯಾನುಗಳೂ ಒಂದಕ್ಕೊಂದು ತಾಗಿ ನಕ್ಕವು. ಬಂದುನೋಡಣ್ಣನ ಅಂಗಿಯೊಳಗೆ ಇರುವೆ ಹೊಕ್ಕಿತು.

“ನಂಬಿಕೆ ಇಲ್ಲದವರು ಬೆಳಿಗ್ಗೆ ಬಂದು ನೋಡಿ” ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಯಾರೋ ಮತ್ತೆ ಕಿಸಕ್ಕೆಂದದ್ದು ಕೇಳಿ, “ಗಿಡ ಕಿತ್ತೇ ನೋಡಿ” ಎಂದೂ ಸೇರಿಸಿದ.

ಆ ಅಲಸಂದೆಯ ಹಿಂದೆ ಎರಡು ವರ್ಷದ ಪಾಡಿತ್ತು. ಊರಿನ ಸುತ್ತಲಿನ ಹೊಲಗಳಲ್ಲಿ ಎಷ್ಟೋ ವರ್ಷಗಳಿಂದ ಮೆಕ್ಕೆಜೋಳ ಕೊಯ್ದ ಮೇಲೆ ಮೆಕ್ಕೆಜೋಳ, ಅದನ್ನು ಕೊಯ್ದ ಮೇಲೆ ಮತ್ತೆ ಮೆಕ್ಕೆಜೋಳ. ತೆನೆ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿತ್ತು, ಗೊಬ್ಬರದ ಚೀಲ ಮಾತ್ರ ಹೆಚ್ಚುತ್ತಿತ್ತು. ಕೃಷಿ ಇಲಾಖೆಯಿಂದ ಬರುವ ಹೆಣ್ಣುಮಗಳೊಬ್ಬಳು ಸ್ಕೂಟರಿನಲ್ಲಿ ಊರೂರು ಸುತ್ತಿ, ನಡುವೆ ಒಂದು ಬೆಳೆ ಬೇಳೆಕಾಳು ಹಾಕಿ, ನೆಲಕ್ಕೂ ಬಾಯಿ ರುಚಿ ಬದಲಾಗಬೇಕು ಎಂದು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದಳು. ಜನ ಅವಳಿಗೆ ಬೇಳೆ ಮೇಡಂ ಎಂದು ಹೆಸರಿಟ್ಟು, ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಎದ್ದು ಹೋಗಿ ಜೋಳದ ಬೀಜ ಕೊಳ್ಳುತ್ತಿದ್ದರು. ಕೊನೆಗೊಂದು ದಿನ ಅವಳು ರೇಗಿ ಬಂದುನೋಡಣ್ಣನಿಗೆ, “ನಂಬಿಕೆ ಇಲ್ಲದಿದ್ರೆ ಬಂದು ನೋಡಿ” ಎಂದುಬಿಟ್ಟಳು. ತನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅವನಿಗೆ ಜನ್ಮದಲ್ಲಿ ಅದೇ ಮೊದಲು. ಸ್ಕೂಟರಿನ ಹಿಂದೆ ಕೂತು ದೂರದ ಇಲಾಖೆಯ ತೋಟಕ್ಕೆ ಹೋಗಿ, ಅಲ್ಲಿನ ಅಲಸಂದೆಯ ಬೇರು ನೋಡಿ, ಮರಳಿ ಬರುವಾಗ ಬೇರೆಯೇ ಮನುಷ್ಯನಾಗಿದ್ದ.

ಬೇಳೆ ಮೇಡಂ ಅವನ ಕೈಯಲ್ಲಿ ಹೊಸ ತಳಿಯ ಎರಡು ಪೊಟ್ಟಣ ಬೀಜ ಇಟ್ಟಳು. ಒಂದು ನಿಮಗೆ, ಇನ್ನೊಂದು ನಿಮಗೆ ನಂಬಿಕೆ ಇರುವ ಇನ್ನೊಬ್ಬ ರೈತರಿಗೆ ಎಂದಳು. ಆ ಎರಡನೇ ಪೊಟ್ಟಣ ಹಿಡಿದು ಅವನು ಡೇರಿ ಸಾಲಿನಲ್ಲಿ ಒಬ್ಬೊಬ್ಬರನ್ನೂ ಕೇಳಿದ. ಯಾರೂ ಕೈ ಚಾಚಲಿಲ್ಲ. ಕೊನೆಗೆ ಚಾಚಿದವನು ಕೋಳಿಭಾವ. ಅವನು ಇವನ ದೊಡ್ಡಪ್ಪನ ಮಗಳ ಗಂಡ. ಇವನು ಭಾವ ಎನ್ನುವುದನ್ನು ಕೇಳಿ ಕೇಳಿ ಊರೆಲ್ಲ ಭಾವ ಎನ್ನತೊಡಗಿತ್ತು. ಮನೆಯ ಹಿಂದೆ ನಲವತ್ತು ಕೋಳಿ ಸಾಕಿದ್ದ. ಹೊಲವೂ ಇವನ ಬಾವಿಗೆ ಒತ್ತಿಕೊಂಡೇ ಇತ್ತು. ಹೆಚ್ಚು ಮಾತಿನವನಲ್ಲ.

“ಕೊಡು, ನಮ್ಮ ಕೋಳಿಗಳಿಗಾದ್ರೂ ಆಗುತ್ತೆ” ಎಂದಿದ್ದ.

ಬಂದುನೋಡಣ್ಣನಿಗೆ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಮರೆತ.

ತನ್ನ ಪೊಟ್ಟಣವನ್ನು ಬಿತ್ತಲು ಅವನು ಹೆಂಡತಿಯ ತರಕಾರಿ ಮಡಿಯನ್ನು ಬೇಡಿ ತೆಗೆದುಕೊಳ್ಳಬೇಕಾಯಿತು. ನೀರಿನ ಪಕ್ಕ ಇದ್ದದ್ದು ಅದೊಂದೇ. ಬದನೆ, ಟೊಮ್ಯಾಟೊ ಗಿಡಗಳನ್ನು ತೆಗೆಯುವ ಮೊದಲು ಅವಳು ಒಂದು ಮಾತು ಖಚಿತ ಮಾಡಿಕೊಂಡಳು. ಬೀಜ ಬಂದು ಡಬ್ಬಕ್ಕೆ ಬಿದ್ದರೆ ನಮ್ಮ ನಾಲ್ಕು ಎಕರೆಯಲ್ಲೂ ನೀವು ಹೇಳಿದ ಬೆಳೆ. ಬೀಳದಿದ್ದರೆ ಯಾವ ಹೊಲಕ್ಕೆ ಏನು ಅನ್ನುವುದನ್ನು ಇನ್ನು ಮುಂದೆ ಹೇಳುವುದು ನಾನು. ಅವನು ಒಪ್ಪಿಕೊಂಡ. ಗೆಲ್ಲುವ ಆಟಕ್ಕೆ ಒಪ್ಪದೆ ಇರುವವರು ಯಾರು?

ಹನ್ನೆರಡು ಸಾಲು, ಸಾಲಿಗೆ ಐವತ್ತು ಗಿಡ. ದಿನಾ ಬೆಳಿಗ್ಗೆ ಎಣಿಸುತ್ತಿದ್ದ. ಆರು ನೂರಕ್ಕೆ ಒಂದೂ ಕಡಿಮೆಯಾಗಿರಲಿಲ್ಲ. ಈಗ ಹೂ ಬಿಟ್ಟಿದ್ದವು, ತಿಳಿ ನೇರಳೆ ಬಣ್ಣದವು. ಇನ್ನೊಂದು ತಿಂಗಳಲ್ಲಿ ಒಂದೂವರೆ ಎಕರೆಗೆ ಬೇಕಾದಷ್ಟು ಬೀಜ ಕೈಗೆ ಬರುತ್ತಿತ್ತು. ಮಾರನೆಯ ದಿನ ಸಂಜೆ ನಾಲ್ಕಕ್ಕೆ ಇಲಾಖೆಯ ದೊಡ್ಡ ಸಾಹೇಬರೇ ನೋಡಲು ಬರುವುದಿತ್ತು. ಅತಿಥಿಗಳ ಕಣ್ಣಿಗೆ ಎಲೆ ಮಿನುಗಲಿ ಎಂದು ಡೇರಿಯಿಂದ ಬಂದವನೇ ಅವನು ಸಾಲುಗಳಿಗೆ ಧಾರಾಳವಾಗಿ ನೀರು ಬಿಟ್ಟ. ಬೆಳಗಾಗುವಷ್ಟರಲ್ಲಿ ನೆಲ ಚಹದಲ್ಲಿ ಅದ್ದಿದ ಬಿಸ್ಕತ್ತಿನಷ್ಟು ಮೆತ್ತಗಾಗಿತ್ತು.

ಮೊದಲು ಬಂದವನು ದರ್ಜಿ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ತುದಿಯ ಸಾಲಿನಿಂದ ಒಂದು ಗಿಡ ಎಳೆದ. ಅದು ಬೆಣ್ಣೆಯಿಂದ ಕೂದಲು ಬಂದಂತೆ ಬಂತು. ಬೇರಿನಲ್ಲಿ ಒಂಬತ್ತು ಗಂಟು. ಬಂದುನೋಡಣ್ಣ ಒಂದನ್ನು ಉಗುರಿನಿಂದ ಸೀಳಿದ. ಒಳಗೆ ಗುಲಾಬಿ ಬಣ್ಣ, ಮಗುವಿನ ವಸಡಿನ ಹಾಗೆ. ದರ್ಜಿ ಬಹಳ ಹೊತ್ತು ನೋಡಿ, ನಿಜ ಕಣಣ್ಣ ಎಂದ. ಆ ಎರಡು ಪದಕ್ಕೆ ಬಂದುನೋಡಣ್ಣನ ಎದೆ ಎಷ್ಟು ಹಿಗ್ಗಿತೆಂದರೆ, ದರ್ಜಿಯ ಟೇಪು ಸಾಲುತ್ತಿರಲಿಲ್ಲ. ಒಂದು ಗಿಡ ಹೋಗಲಿ, ಐನೂರ ತೊಂಬತ್ತೊಂಬತ್ತು ಉಳಿಯಿತು ಎಂದುಕೊಂಡ.

ಆಮೇಲೆ ಗೊಬ್ಬರದಂಗಡಿಯವನು ಬಂದ, ಹಿಂದೆ ಡೇರಿ ಸಾಲು ಅರ್ಧ ಬಂತು. ಅಂಗಡಿಯವನ ಗಿಡದಲ್ಲಿ ನಾಲ್ಕೇ ಗಂಟು. ದರ್ಜಿಗೆ ಒಂಬತ್ತು ಸಿಕ್ಕಿ ತನಗೆ ನಾಲ್ಕು ಸಿಕ್ಕರೆ ಇದರಲ್ಲಿ ಏನೋ ಇದೆ ಎಂದು ಇನ್ನೊಂದು ಕಿತ್ತ. ಅದರಲ್ಲಿ ಹನ್ನೊಂದು. ಹಾಗಾದರೆ ಮೊದಲಿನದು ಯಾಕೆ ಕಡಿಮೆ ಎಂದು ಮೂರನೆಯದು ಕಿತ್ತ. ಅದರ ಒಂದು ಗಂಟನ್ನು ಸೀಳಿದಾಗ ಒಳಗೆ ಹಸಿರು ಕಂಡಿತು. ಅಂಗಡಿಯವನು ಅದನ್ನು ಅಂಗೈಯಲ್ಲಿಟ್ಟು, ಕಳ್ಳನನ್ನು ಹಿಡಿದ ಪೊಲೀಸಿನವನಂತೆ ಎಲ್ಲರಿಗೂ ತೋರಿಸಿದ.

ಒಂದೊಂದು ಗಂಟು ಮುದಿಯಾಗಿರುತ್ತೆ, ಅದು ಕೆಲಸ ನಿಲ್ಲಿಸಿರುತ್ತೆ ಎಂದು ಬಂದುನೋಡಣ್ಣ ಹೇಳಿದ. ಅಂಗಡಿಯವನು ನಂಬಲಿಲ್ಲ. ಈಗ ಬಂದುನೋಡಣ್ಣನೇ ಬಗ್ಗಿ, ಒಂದರ ಹಿಂದೆ ಒಂದರಂತೆ ಐದು ಗಿಡ ಕಿತ್ತು, ಐದರಲ್ಲೂ ಗುಲಾಬಿ ತೋರಿಸಿ, ಉಸಿರು ಬಿಟ್ಟ. ಬಿಟ್ಟ ಮೇಲೆ ಅವನಿಗೆ ತನ್ನ ಕೈಯಲ್ಲೇ ಇದ್ದ ಐದು ಗಿಡ ಕಂಡವು.

ಈ ನಡುವೆ ಕೋಳಿಭಾವ ಬಂದು, ಟವಲು ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದ. ಅವನು ಒಂದು ಗಿಡಕ್ಕೂ ಕೈ ಹಚ್ಚಲಿಲ್ಲ. ಆದರೆ ಕೀಳುವವರು ತಪ್ಪು ಮಾಡಿದರೆ ಅಲ್ಲಿಂದಲೇ ತಿದ್ದುತ್ತಿದ್ದ.

“ತುದಿ ಹಿಡಿದು ಜಗ್ಗಬೇಡ. ಬುಡ ಹಿಡಿ, ಸ್ವಲ್ಪ ಅಲುಗಿಸು, ಆಮೇಲೆ ಎಳಿ. ಇಲ್ಲದಿದ್ರೆ ಗಂಟು ಮಣ್ಣಲ್ಲೇ ಉಳೀತವೆ.”

ಊರಿಗೆಲ್ಲ ಒಬ್ಬನಾದರೂ ವಿಷಯ ತಿಳಿದವನು ಇದ್ದಾನಲ್ಲ ಎಂದು ಬಂದುನೋಡಣ್ಣನಿಗೆ ಸಮಾಧಾನವಾಯಿತು. ಜನ ಸೇರಿದಂತೆ ಕೆಲವರು ನೆರಳಿಗೆಂದು ಪಕ್ಕದ ಜೋಳದೊಳಗೆ ಕಾಲಿಡಹೋದರು. ಅದು ಕೋಳಿಭಾವನ ಹೊಲ, ಜೋಳ ಆಳೆತ್ತರ ಬೆಳೆದಿತ್ತು. ಅಲ್ಲಿಗೆ ಬೇಡ, ಜೋಡಿ ಹಾವಿದೆ, ನಿನ್ನೆಯೂ ಕಂಡೆ ಎಂದು ಭಾವ ಮೆಲ್ಲಗೆ ಹೇಳಿದ. ಕಾಲಿಟ್ಟವರು ಕಾಲಿಟ್ಟದ್ದಕ್ಕಿಂತ ಬೇಗ ಹೊರಗೆ ಬಂದರು. ಬಂದವರು ಬೇರೆ ಕೆಲಸವಿಲ್ಲದೆ ಒಂದೊಂದು ಗಿಡ ಕಿತ್ತರು.

ಎಂಟು ಗಂಟೆಗೆ ಹೆಂಡತಿ ಚಹ ತಂದಳು. ಬದುವಿನ ಪಕ್ಕದ ಗುಡ್ಡೆ ನೋಡಿ, ಇವತ್ತು ಬೆಳಗಾಗುವ ಮೊದಲೇ ಇಷ್ಟು ಕಳೆ ತೆಗೆದಿರಾ ಎಂದು ಮೆಚ್ಚಿಕೊಂಡಳು. ಆಮೇಲೆ ಗುಡ್ಡೆಯಲ್ಲಿ ನೇರಳೆ ಹೂ ಕಂಡಳು. ಚಹವನ್ನು ನೆಲದ ಮೇಲಿಟ್ಟು, ಸಾಲುಗಳನ್ನು ಕಣ್ಣಲ್ಲೇ ಎಣಿಸಿ, ಹತ್ತೂವರೆ ಎಂದು ಹೇಳಿ ಹೋದಳು. ಗಂಟೆ ಇರಬೇಕೆಂದು ದರ್ಜಿ ಸೂರ್ಯನನ್ನು ನೋಡಿದ.

ಕೆಡುಕು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಆದರೆ ಡೇರಿಯ ಲೆಕ್ಕದವನಿಗೆ ಏನನ್ನು ಕಂಡರೂ ಬರೆದಿಡುವ ಚಟ. ಅವನು ಪಂಪುಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ “ದರ್ಜಿ ೯, ಗೊಬ್ಬರದಂಗಡಿ ೧೧” ಎಂದು ಬರೆದ. ಗೋಡೆಯ ಮೇಲೆ ಹೆಸರು ಕಂಡ ಕೂಡಲೇ ಅದು ತನಿಖೆ ಹೋಗಿ ಪಂದ್ಯವಾಯಿತು. ಯಾರಿಗೋ ಹದಿನಾಲ್ಕು ಸಿಕ್ಕಿತು. ದರ್ಜಿ ಸೂಜಿಗೆ ದಾರ ಪೋಣಿಸುವವನಂತೆ ಕಣ್ಣು ಕಿರಿದು ಮಾಡಿಕೊಂಡು, ಗಿಡದಿಂದ ಗಿಡಕ್ಕೆ ಸರಿದು, ಬುಡ ಮುಟ್ಟಿ ಮುಟ್ಟಿ ನೋಡಿ ಆರಿಸಿ, ಹದಿನೇಳು ತೆಗೆದ. ಗಂಟು ಮಣ್ಣಿನೊಳಗಿರುವುದರಿಂದ ಮೇಲಿನಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲಾಟರಿಗೂ ಇದಕ್ಕೂ ವ್ಯತ್ಯಾಸವೆಂದರೆ ಇಲ್ಲಿ ಚೀಟಿ ಪುಕ್ಕಟೆ. ಇನ್ನೆರಡು ಸಾಲು ಹೋಯಿತು.

ಬಂದುನೋಡಣ್ಣ ಬಾವಿಯ ಹಗ್ಗ ತಂದು ಸಾಲುಗಳ ಸುತ್ತ ಕಟ್ಟಿದ. ಇಷ್ಟು ಸಾಕು, ಉಳಿದದ್ದು ಸಾಹೇಬರಿಗೆ ಎಂದ. ಜನ ಒಪ್ಪಿ ಹೊರಡಲು ಕೂಡ ಎದ್ದರು. ಗೊಬ್ಬರದಂಗಡಿಯವನು ಮಾತ್ರ ಹಗ್ಗವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಎಲ್ಲರಿಗೂ ಕೇಳುವಂತೆ ತನ್ನಷ್ಟಕ್ಕೆ ತಾನೇ ಹೇಳಿಕೊಂಡ.

“ಒಳಗಿನ ಸಾಲಲ್ಲಿ ಗಂಟಿಲ್ಲ ಅಂತ ಕಾಣುತ್ತೆ. ಅದಕ್ಕೇ ಮುಚ್ಚಿಡ್ತಿದಾನೆ.”

ಹಗ್ಗ ಕಟ್ಟಿದವನೇ ಬಿಚ್ಚಿದ.

ಹತ್ತು ಗಂಟೆಯ ಹೊತ್ತಿಗೆ ಮೇಷ್ಟ್ರು ಎರಡು ತರಗತಿಯ ಅರವತ್ತು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬಂದರು. ಪುಸ್ತಕದಲ್ಲಿ ಬೇರುಗಂಟಿನ ಪಾಠವಿದೆ, ಚಿತ್ರ ನೋಡಿದರೆ ಮಕ್ಕಳಿಗೆ ನಂಬಿಕೆ ಬರುವುದಿಲ್ಲ ಎಂದರು. ಬಂದುನೋಡಣ್ಣ ಇಲ್ಲ ಅನ್ನಲೆಂದೇ ಬಾಯಿ ತೆರೆದಿದ್ದ. ನಂಬಿಕೆ ಎಂಬ ಪದ ಕಿವಿಗೆ ಬಿದ್ದದ್ದೇ ಬಾಯಿ ತಾನಾಗಿ, ಬನ್ನಿ ಮೇಷ್ಟ್ರೇ ಎಂದಿತು. ಇಬ್ಬರಿಗೆ ಒಂದು ಗಿಡ ಎಂದು ಮೇಷ್ಟ್ರು ಕಟ್ಟುನಿಟ್ಟು ಮಾಡಿದರು. ಜೋಡಿಗಳು ಜಗಳವಾಡಿದವು. ಜಗಳ ಬಿಡಿಸಲು ಒಬ್ಬರಿಗೆ ಒಂದು ಎಂದರು. ಸೀಟಿ ಊದಿದರು, ಅರವತ್ತು ಮಕ್ಕಳು ಒಟ್ಟಿಗೆ ಬಗ್ಗಿದರು. ಇನ್ನೊಮ್ಮೆ ಊದಿದರು, ಒಟ್ಟಿಗೆ ಎದ್ದರು. ಅಷ್ಟು ಶಿಸ್ತಾಗಿ ಬೆಳೆ ಹಾಳಾಗುವುದನ್ನು ಬಂದುನೋಡಣ್ಣ ಎಲ್ಲೂ ನೋಡಿರಲಿಲ್ಲ. ಕೊನೆಗೆ ಶಾಲೆಯ ಗಾಜಿನ ಬೀರುವಿನಲ್ಲಿ ಇಡಲು ಒಂದು ಲಕ್ಷಣವಾದ ಗಿಡ ಬೇಕೆಂದು ಮೇಷ್ಟ್ರು ತಾವೇ ಇಳಿದರು. ಲಕ್ಷಣವಾದದ್ದು ಸಿಗುವಷ್ಟರಲ್ಲಿ ನಲವತ್ತು ಲಕ್ಷಣಗೆಟ್ಟವು ಬದುವಿಗೆ ಬಿದ್ದಿದ್ದವು.

ಆರೂವರೆ ಸಾಲು ಉಳಿಯಿತು. ಪರವಾಗಿಲ್ಲ, ಮುಕ್ಕಾಲು ಎಕರೆಗಾದರೂ ಬೀಜವಾಗುತ್ತದೆ ಎಂದು ಅವನು ಲೆಕ್ಕ ಹಾಕುತ್ತಿರುವಾಗ ಬೇಳೆ ಮೇಡಂಳ ಫೋನು ಬಂತು. ಅವಳ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. ಬೇರೆ ಕಡೆಯ ರೈತರದೊಂದು ಬಸ್ಸು ಈ ದಾರಿಯಲ್ಲಿ ಬರುತ್ತಿದೆ, ನಿಮ್ಮ ಅಲಸಂದೆ ಹೊಲದ ತಾಕನ್ನು ತೋರಿಸುತ್ತೇನೆಂದು ಹೇಳಿಬಿಟ್ಟಿದ್ದೇನೆ, ಸುತ್ತ ಐವತ್ತು ಊರಲ್ಲಿ ತೋರಿಸುವಂಥದು ಅದೊಂದೇ ಅಲ್ಲವೇ ಎಂದಳು. ಎರಡು ವರ್ಷದಲ್ಲಿ ಅವಳು ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಹೂಂ ಮೇಡಂ ಎಂದ.

ಬಸ್ಸಿನಿಂದ ಐವತ್ತು ಜನ ಇಳಿದರು. ತುದಿಯಲ್ಲಿರುವವು ತೋರಿಸಲೆಂದೇ ಸಾಕಿದ ಗಿಡಗಳು, ನಾವು ನಡುವಿನವೇ ಕೀಳುತ್ತೇವೆ ಎಂದರು. ನಡುವೆ ಹೊಕ್ಕವರು ನಡುವಿನಿಂದ ಹೊರಗೆ ಬರಲು ಎರಡೂ ಕಡೆ ತುಳಿದರು. ಅವರಲ್ಲಿ ಒಬ್ಬ ಹೆಂಗಸು ಏಳು ಗಿಡ ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಳು. ಬಂದುನೋಡಣ್ಣ ನೋಡುತ್ತಿದ್ದದ್ದು ಕಂಡು, ಸಂಕೋಚಪಡದೆ ಲೆಕ್ಕ ಒಪ್ಪಿಸಿದಳು.

“ನಮ್ಮತ್ತೆ ನಂಬಲ್ಲ ಅಣ್ಣ, ಮಾವ ನಂಬಲ್ಲ. ಇಬ್ಬರು ಮೈದುನರು ನಂಬಲ್ಲ, ಅವರ ಹೆಂಡಿರು ನಂಬಲ್ಲ. ನಮ್ಮನೆಯವರು ನಾನು ಹೇಳಿದ್ರೆ ಏನನ್ನೂ ನಂಬಲ್ಲ.”

ಇಂಥ ಮನೆಯಲ್ಲಿ ಇವಳು ಹೇಗೆ ಬಾಳುತ್ತಾಳೋ ಎಂದು ಬಂದುನೋಡಣ್ಣನಿಗೆ ಕರುಳು ಚುರುಕ್ಕೆಂದಿತು. ಇರಲಿ ಎಂದು ಇನ್ನೊಂದನ್ನು ತಾನೇ ಕಿತ್ತು ಕೊಟ್ಟ. ಬಸ್ಸಿನವರು ಗೋಡೆಯ ಮೇಲೆ ಇಪ್ಪತ್ತೆರಡರ ದಾಖಲೆ ಬರೆಸಿ, ಸೀಟಿನ ಮೇಲೆಲ್ಲ ಅಲಸಂದೆ ಪೇರಿಸಿಕೊಂಡು ಹೊರಟರು. ಪರಊರಿನವರು ದಾಖಲೆ ಹೊಡೆದು ಹೋದರೆಂದು ಊರವರಿಗೆ ಅವಮಾನವಾಯಿತು. ಊಟ ಮುಗಿಸಿ, ತೋಳು ಮಡಚಿಕೊಂಡು ಮತ್ತೆ ಬಂದರು.

ಮೂರು ಗಂಟೆಗೆ ಬಂದುನೋಡಣ್ಣನ ಹಸು ಗೂಟ ಕಿತ್ತುಕೊಂಡು ಬಂದು, ಬದುವಿನ ಗುಡ್ಡೆಗೆ ಬಾಯಿ ಹಾಕಿತ್ತು. ಅಂದು ನಂಬಿಕೆಯ ಗೊಡವೆಯಿಲ್ಲದೆ ಹೊಟ್ಟೆ ತುಂಬಿಸಿಕೊಂಡದ್ದು ಅದೊಂದೇ. ಹೊಲದಲ್ಲಿ ಆರು ನೂರು ಗುಳಿ. ಇಲ್ಲ, ಐನೂರ ತೊಂಬತ್ತೊಂಬತ್ತು. ಮೂಲೆಯಲ್ಲಿ ಒಂದು ಗಿಡ ಉಳಿದಿತ್ತು. ಬಂದುನೋಡಣ್ಣ ಅದರ ಮೇಲೆ ಸಗಣಿಯ ಪುಟ್ಟಿ ಕವುಚಿ, ಪುಟ್ಟಿಗೆ ಬೆನ್ನು ಕೊಟ್ಟು ಕೂತ. ಕೇಳಿದವರಿಗೆಲ್ಲ, ಮುಗೀತು, ಮುಗೀತು ಎಂದ. ಜನ ಸಾಹೇಬರು ಬರುವ ತನಕ ಎಂದು ಪಂಪುಮನೆಯ ನೆರಳಿಗೆ ಸರಿದರು.

ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಬೈಗುಳಕ್ಕೆ ಅವನು ತಲೆ ತಗ್ಗಿಸಿ ಸಿದ್ಧನಾದ. ಅವಳು ಪುಟ್ಟಿಯನ್ನು ನಾಲ್ಕು ಬೆರಳು ಎತ್ತಿ ಒಳಗೆ ಇಣುಕಿದಳು. ಮೂರು ಹೂವಿತ್ತು.

“ಇದರಲ್ಲಿ ಎಷ್ಟು ಬೀಜ ಬರುತ್ತೆ?”

“ಒಂದು ಹಿಡಿ.”

“ಆ ಹಿಡಿ ಹಾಕಿದ್ರೆ?”

“ಇನ್ನೂರು ಗಿಡ. ಜಾಸ್ತಿ ಅಂದ್ರೆ.”

ಅವಳು ಬೆರಳಲ್ಲಿ ನೆಲದ ಮೇಲೆ ಗೀರುತ್ತ ಲೆಕ್ಕ ಹಾಕಿದಳು. ನಾಲ್ಕು ಎಕರೆಗೆ ಸಾಕಾಗಲು ಇನ್ನೂ ಮೂರು ಬೆಳೆ ಕಾಯಬೇಕು. ಕಾಯೋಣ ಬಿಡಿ, ಬದನೆಕಾಯಿ ಎಲ್ಲಿ ಹೋಗುತ್ತೆ ಎಂದಳು. ಹೀಗೆ ಹೇಳುವಾಗ ಅವಳ ಕೈಯಲ್ಲೂ ಒಂದು ಕಿತ್ತ ಬೇರಿತ್ತು. ಗುಡ್ಡೆಯಿಂದ ಎತ್ತಿಕೊಂಡು, ಯಾರಿಗೂ ಕಾಣದಂತೆ ಒಂದು ಗಂಟು ಸೀಳಿ ನೋಡಿದ್ದಳು. ಅವನಿಗೆ ಅಳು ಬರುವುದೊಂದು ಬಾಕಿ. ಅವಳು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ನಾಲ್ಕಕ್ಕೆ ಸರಿಯಾಗಿ ಜೀಪು ಬಂತು. ಬೇಳೆ ಮೇಡಂ ಮೊದಲು ಇಳಿದಳು. ಹೊಲ ನೋಡಿದವಳೇ, ಬೇರೆ ಹೊಲಕ್ಕೆ ಬಂದೆವೇನೋ ಎಂದು ಹಿಂದೆ ತಿರುಗಿ ಬಾವಿಯನ್ನೂ ಪಂಪುಮನೆಯನ್ನೂ ನೋಡಿ ಖಾತ್ರಿ ಮಾಡಿಕೊಂಡಳು. ದೊಡ್ಡ ಸಾಹೇಬರು ದಪ್ಪನೆಯ ಮನುಷ್ಯ, ಒಳ್ಳೆಯ ಬೂಟು ಹಾಕಿದ್ದರು. ಬೆಳೆ ಎಲ್ಲಿ ಎಂದು ಕೇಳಿದರು. ಬಂದುನೋಡಣ್ಣ ಪಕ್ಕಕ್ಕೆ ಸರಿದು, ಎರಡೂ ಕೈಯಿಂದ ಪುಟ್ಟಿ ಎತ್ತಿದ. ಇಡೀ ಊರು ಕತ್ತು ಚಾಚಿತು.

“ಓಹೋ, ಬೇರು ಹೇಗಿದೆ ನೋಡೋಣ” ಎಂದರು ಸಾಹೇಬರು.

ಮೇಡಂ ಬಾಯಿ ತೆರೆದಳು. ಹೆಂಡತಿ ಎದ್ದು ನಿಂತಳು. ಅಷ್ಟರಲ್ಲಿ ಮೊಣಕಾಲು ಲಟಕ್ಕೆಂದ ಸದ್ದಿನೊಂದಿಗೆ ಸಾಹೇಬರು ಬಗ್ಗಿ ಎದ್ದಿದ್ದರು. ಗಿಡ ಅವರ ಕೈಯಲ್ಲಿತ್ತು.

ಡೇರಿಯ ಲೆಕ್ಕದವನು ಎಣಿಸಿದ. ಗೊಬ್ಬರದಂಗಡಿಯವನು ಅವನನ್ನು ತಳ್ಳಿ ತಾನೇ ಎರಡು ಸಲ ಎಣಿಸಿದ. ಮೂವತ್ತೊಂದು. ದೊಡ್ಡದೊಂದನ್ನು ಸೀಳಿದ, ಗುಲಾಬಿ. ಸಣ್ಣದೊಂದನ್ನು ಸೀಳಿದ, ಗುಲಾಬಿ. ಅವನು ಬೇರನ್ನು ಸಾಹೇಬರ ಕೈಗೆ ಮರಳಿ ಕೊಟ್ಟು, ಟೋಪಿ ತೆಗೆದು ತಲೆ ಕೆರೆದುಕೊಂಡ. ಬೆಳಿಗ್ಗೆಯಿಂದ ಗಂಟಿಲ್ಲದ ಒಂದೇ ಒಂದು ಬೇರಿಗಾಗಿ ಹುಡುಕಿದೆ, ಆರು ನೂರರಲ್ಲಿ ಒಂದೂ ಸಿಗಲಿಲ್ಲ ಎಂದು ಒಪ್ಪಿಕೊಂಡ.

“ಅಂಗಡಿ ಬೇರೆ, ಹೊಲ ಬೇರೆ. ಜೋಳ ಕೊಯ್ದ ಮೇಲೆ ನನ್ನ ಎರಡು ಎಕರೆಗೆ ಇದನ್ನೇ ಹಾಕ್ತೀನಿ.”

ಅವನೇ ಹೀಗೆಂದ ಮೇಲೆ ಉಳಿದವರು ಯಾಕೆ ಹಿಂದೆ ಬೀಳುತ್ತಾರೆ? ದರ್ಜಿ ಒಂದು ಎಕರೆ ಎಂದ, ಮೇಷ್ಟ್ರು ಅರ್ಧ ಎಂದರು, ಲೆಕ್ಕದವನು ಗೋಡೆಯ ಮೇಲೆ ಬರೆಯುತ್ತ ಹೋದ. ಸೀಮೆಸುಣ್ಣ ಮುಗಿದು ಇದ್ದಿಲು ತಂದರು. ಬೇಳೆ ಮೇಡಂಳ ಕಣ್ಣಲ್ಲಿ ನೀರು ನಿಂತಿತು. ಎರಡು ವರ್ಷ ಸ್ಕೂಟರು ಸವೆಸಿದರೂ ಆಗದ್ದು ಒಂದು ಹಗಲಿನಲ್ಲಿ ಆಗಿತ್ತು. ಸಾಹೇಬರು ಬಂದುನೋಡಣ್ಣನ ಬೆನ್ನು ತಟ್ಟಿ, ಈ ತಾಕನ್ನು ಇನ್ನು ಮೇಲೆ ಖಾಯಂ ಆಗಿ ಬೇರು ತೋರಿಸುವ ತಾಕು ಮಾಡೋಣ, ಪ್ರತಿ ವರ್ಷವೂ ಹೀಗೇ ಕಿತ್ತು ನೋಡಲು ಜನರನ್ನು ಕಳಿಸುತ್ತೇವೆ ಎಂದರು. ಅವನಿಗೆ ಅದು ಬಹುಮಾನವೋ ಶಿಕ್ಷೆಯೋ ತಿಳಿಯಲಿಲ್ಲ. ಕೈ ಮುಗಿದ.

ಆಗ ದರ್ಜಿ, ಎಲ್ಲ ಸರಿ, ಬೀಜ ಎಲ್ಲಿ ಎಂದು ಕೇಳಿದ.

ಎಲ್ಲರೂ ಬಂದುನೋಡಣ್ಣನ ಕಡೆ ತಿರುಗಿದರು. ಬಂದುನೋಡಣ್ಣ ಹೊಲದ ಕಡೆ ತಿರುಗಿದ. ಆರು ನೂರು ಗುಳಿಗಳು ಆಕಾಶ ನೋಡುತ್ತಿದ್ದವು. ಕೆಲವರು ಕೈಯಲ್ಲಿದ್ದ ಗಿಡವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಈ ತಳಿಯ ಬೀಜ ಈ ಸೀಮೆಗೆ ಬಂದದ್ದೇ ಎರಡು ಪೊಟ್ಟಣ ಎಂದು ಮೇಡಂ ಹೇಳಿದಳು. ಒಂದು ಇಲ್ಲಿ ಬಿತ್ತಿದ್ದು. ಇನ್ನೊಂದು ಯಾರಿಗೆ ಕೊಟ್ಟಿರಿ ಎಂದು ಕೇಳಿದಳು.

“ಅದನ್ನ ಕೋಳಿ ತಿಂದವು ಮೇಡಂ” ಎಂದ ಬಂದುನೋಡಣ್ಣ.

ಬದುವಿನ ಮೇಲೆ ಕೋಳಿಭಾವ ಟವಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ. “ಕೋಳಿಗಳಿಗೆ ತೋರಿಸಿದೆ” ಎಂದ. “ಅವು ಮೂತಿ ತಿರುಗಿಸಿದವು.”

ಅವನು ಬದು ಇಳಿದು ಜೋಳದ ಸಾಲನ್ನು ಎರಡು ಕೈಯಿಂದ ಬಾಗಿಲಿನಂತೆ ಸರಿಸಿದ. ಜನ ಒಬ್ಬೊಬ್ಬರಾಗಿ ಇಣುಕಿದರು. ಹೊರಗಿನ ನಾಲ್ಕು ಸಾಲು ಜೋಳ ಬರೀ ಬೇಲಿ. ಒಳಗೆ, ಜೋಳದ ಸಾಲಿನ ನಡುನಡುವೆ, ಮೊಣಕಾಲೆತ್ತರಕ್ಕೆ ಅಲಸಂದೆ ಒತ್ತಾಗಿ ನಿಂತಿತ್ತು. ಇವನಿಗಿಂತ ಹದಿನೈದು ದಿನ ಮುಂಚೆ ಬಿತ್ತಿದ್ದ. ಗಿಡಗಳ ತುಂಬ ಕಾಯಿ, ಬೆರಳು ಚಾಚಿದಂತೆ ನೇತಾಡುತ್ತಿದ್ದವು. ಒಂದು ಗಿಡವೂ ಅಲುಗಿರಲಿಲ್ಲ.

ಹಾವು ಎಲ್ಲಿ ಎಂದು ದರ್ಜಿ ಹಿಂದಕ್ಕೆ ಸರಿದು ಕೇಳಿದ. ಬೆಳಿಗ್ಗೆ ಇದ್ದವು, ಈಗ ಹೋಗಿರಬೇಕು ಎಂದ ಭಾವ. ಅಂಗಡಿಯವನ ಕೈ ಅಭ್ಯಾಸಬಲದಿಂದ ಒಂದು ಬುಡದ ಕಡೆ ಹೋಯಿತು. ಭಾವ ಆ ಕೈಯನ್ನು ಗೌರವದಿಂದ ಹಿಡಿದು, ಅವನ ಮಗ್ಗುಲಿಗೇ ಮರಳಿ ಇಟ್ಟ. ಬೇರು ನೋಡಿದ್ದು ಆಯಿತಲ್ಲ, ಅಲ್ಲಿ ಎಂದ.

ಬಂದುನೋಡಣ್ಣ ಜೋಳದೊಳಗೆ ಕತ್ತು ಹಾಕಿ ಸಾಲುಗಳನ್ನು ಎಣಿಸಿ, ಭಾವನ ಕಡೆ ತಿರುಗಿದ.

“ಇಷ್ಟು ದಿನ ಒಂದು ಮಾತೂ ಹೇಳಲಿಲ್ವಲ್ಲ ಭಾವ.”

“ಹೇಳಿದ್ರೆ ಜನ ಬಂದು ನೋಡ್ತಿದ್ರು” ಎಂದ ಕೋಳಿಭಾವ.

ಬೀಜ ಒಂದೇ ಸಲಕ್ಕೆ ಎಲ್ಲರಿಗೂ ಸಾಲದು, ಬೆಳೆಯಿಂದ ಬೆಳೆಗೆ ಸರದಿಯಂತೆ ಎಂದಾಯಿತು, ಹೆಸರು ಬರೆಸಲು ಸಾಲು ನಿಂತಿತು. ಡೇರಿಯ ಮುಂದೆ ಯಾವತ್ತೂ ಅಷ್ಟು ಉದ್ದದ ಸಾಲು ನಿಂತದ್ದಿಲ್ಲ. ಮೊದಲಿಗೆ ನಿಂತವಳು ಬಂದುನೋಡಣ್ಣನ ಹೆಂಡತಿ. ಎರಡು ಎಕರೆಗೆ ಅಲಸಂದೆ, ಎರಡು ಎಕರೆಗೆ ಜೋಳ, ಮುಂದಿನ ಬೆಳೆಗೆ ಅದಲು ಬದಲು ಎಂದು ಹೇಳಿ ಬರೆಸಿದಳು. ಅವನು ಎರಡು ವರ್ಷದಿಂದ ಹೇಳುತ್ತಿದ್ದದ್ದೂ ಅಕ್ಷರಶಃ ಅದೇ. ಈಗ ಅದನ್ನು ಹೇಳಿದವಳು ಅವಳು. ಇನ್ನು ಮುಂದೆ ಹೇಳುವವಳೂ ಅವಳೇ.

ಕಾಯಿ ಒಣಗುವ ತನಕ ಹೊಲ ಕಾಯಲು ಒಬ್ಬ ಬೇಕು ಎಂಬ ಮಾತು ಬಂತು. ಇಷ್ಟು ಜನರ ಕಣ್ಣು ಬಿದ್ದ ಮೇಲೆ ಹಾವಿನ ಮಾತು ನಡೆಯುವುದಿಲ್ಲ. ಕೋಳಿಭಾವ ಬಂದುನೋಡಣ್ಣನನ್ನು ಮೇಲಿನಿಂದ ಕೆಳಗೆ ನೋಡಿದ.

“ಒಂದು ಗಿಡಕ್ಕೆ ಕೈ ಹಾಕಿದ್ರೆ ಏನಾಗುತ್ತೆ ಅಂತ ಇವನಷ್ಟು ಚೆನ್ನಾಗಿ ಊರಲ್ಲಿ ಯಾರಿಗೆ ಗೊತ್ತು? ಇವನೇ ಕಾಯಲಿ. ಎರಡು ಸೇರು ಬೀಜ ಜಾಸ್ತಿ ಕೊಡ್ತೀನಿ ತಂಗಿ.”

“ಆಯ್ತಣ್ಣ” ಎಂದು ಹೆಂಡತಿ ಅವನ ಪರವಾಗಿ ಒಪ್ಪಿಕೊಂಡಳು.

ಜೀಪು ಹೋಯಿತು, ಜನ ಹೋದರು. ಬಿಸಿಲು ಇನ್ನೂ ಜೋಳದ ತುದಿಯ ಮೇಲಿತ್ತು. ಬಂದುನೋಡಣ್ಣ ಕೋಲು ಹಿಡಿದು, ಭಾವನ ಹೊಲದ ಮುಂದೆ, ತನ್ನ ಹೊಲಕ್ಕೆ ಬೆನ್ನು ಮಾಡಿ ಕೂತ. ಎರಡು ಸೇರು ಅಂದರೆ ಎಷ್ಟು ಗಿಡ ಎಂದು ಎಣಿಸಿದ. ಅಷ್ಟರಲ್ಲಿ ದಾರಿಯಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಪರಊರಿನ ಒಬ್ಬ ಇಳಿದು, ಬೇರು ತೋರಿಸುವ ಹೊಲ ಇದೇನಾ ಎಂದು ಕೇಳಿದ.

“ಅಲ್ಲ. ಇದು ಬರೀ ಜೋಳ” ಎಂದ ಬಂದುನೋಡಣ್ಣ. ತನ್ನ ಬಾಯಿಯಿಂದ ಬಂದ ಮೊದಲ ಸುಳ್ಳನ್ನು ಕೇಳಿ ಅವನಿಗೇ ಆಶ್ಚರ್ಯವಾಯಿತು.

ಸೈಕಲ್ಲಿನವನು ನಕ್ಕು ಪೆಡಲಿನ ಮೇಲೆ ಕಾಲಿಟ್ಟ. “ನಾನೂ ಹಾಗೇ ಅಂದೆ. ಮಧ್ಯಾಹ್ನ ಒಂದು ಬಸ್ಸಿನವರು ಸಿಕ್ಕಿದ್ರು, ಒಂದು ಗಿಡದ ಬೇರಲ್ಲಿ ಇಪ್ಪತ್ತೆರಡು ಗಂಟು ಅಂತೆ, ಒಳಗೆ ಗುಲಾಬಿ ಬಣ್ಣ ಅಂತೆ. ಎಂಥೆಂಥ ಸುಳ್ಳು ಹೇಳ್ತಾರಪ್ಪ ಜನ.”

ಬಂದುನೋಡಣ್ಣ ಹಲ್ಲು ಕಚ್ಚಿ ಕೋಲನ್ನು ಬಿಗಿಯಾಗಿ ಹಿಡಿದ. ಸೈಕಲ್ಲು ನಾಲ್ಕು ಮಾರು ಹೋಯಿತು. ಅಂಗಿಯೊಳಗೆ ಇರುವೆ ಹೊಕ್ಕಿತು. ಎಂಟು ಮಾರು ಹೋಯಿತು. ಇರುವೆ ಬೆನ್ನಿನಿಂದ ಕುತ್ತಿಗೆಗೆ ಹತ್ತಿತು. ಅವನು ಕೋಳಿಭಾವನ ಮನೆಯ ಕಡೆ ಒಮ್ಮೆ ನೋಡಿದ. ತನ್ನ ಮನೆಯ ಕಡೆ ಒಮ್ಮೆ ನೋಡಿದ. ಆಮೇಲೆ ಕೋಲನ್ನು ಮೆಲ್ಲಗೆ, ಸದ್ದಾಗದಂತೆ, ಬದುವಿನ ಮೇಲೆ ಮಲಗಿಸಿದ.

“ರೀ ಸ್ವಾಮಿ” ಎಂದು ಕೂಗಿದ. “ಇಪ್ಪತ್ತೆರಡಲ್ಲ, ಮೂವತ್ತೊಂದು. ಸೈಕಲ್ಲು ಅಲ್ಲೇ ನಿಲ್ಲಿಸಿ.”